ಮಕ್ಕಳು ಯಾಕೆ ಬರಲಿಲ್ಲ ಎಂದು ಕೇಳಿದ ಮೇಷ್ಟ್ರು: ಕುದ್ಮುಲ್ ರಂಗರಾವ್

ಪ್ರತಿ ವರ್ಷ ಸೆಪ್ಟೆಂಬರ್ 5 ಬಂದಾಗ ನಾವು ಡಾ. ಸರ್ವೆಪಲ್ಲಿ ರಾಧಾಕೃಷ್ಣನ್ ಅವರ ಬಗ್ಗೆ ಭಾಷಣ ಮಾಡುತ್ತೇವೆ, ಪ್ರಬಂಧ ಬರೆಯುತ್ತೇವೆ. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲೂ ಪಾಠ ಹೇಳಿದವರು, ದೊಡ್ಡ ವಿದ್ವಾಂಸರು. ಅವರನ್ನು ನೆನೆಯುವುದು ಸರಿಯೇ. ಆದರೆ ಈ ಸಂಚಿಕೆಗೆ ನಾನು ಇನ್ನೊಬ್ಬ ಮೇಷ್ಟ್ರ ಜೀವನವನ್ನು ಆರಿಸಿಕೊಂಡಿದ್ದೇನೆ. ಇವರ ತರಗತಿಯಲ್ಲಿ ಬೆಂಚು ಇರಲಿಲ್ಲ. ಮೊದಮೊದಲು ಮಕ್ಕಳೂ ಇರಲಿಲ್ಲ. ಪಾಠ ಹೇಳಲು ಶಿಕ್ಷಕರು ಬರುತ್ತಿರಲಿಲ್ಲ, ಶಾಲೆ ನಡೆಸಲು ಮನೆ ಕೊಡುವವರೂ ಸಿಗುತ್ತಿರಲಿಲ್ಲ. ಅವರೇ ಮಂಗಳೂರಿನ ಕುದ್ಮುಲ್ ರಂಗರಾವ್. ಕರಾವಳಿಯಲ್ಲಿ ಈ ಹೆಸರು ಚಿಕ್ಕ ಮಕ್ಕಳಿಗೂ ಗೊತ್ತು. ನಮ್ಮ ಕೋಲಾರ ಜಿಲ್ಲೆಯ ಕಡೆ ಅಷ್ಟಾಗಿ ಕೇಳಿಬರುವುದಿಲ್ಲ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ತಾಲ್ಲೂಕಿನ ಕುದ್ಮುಲ್ ಎಂಬ ಊರಿನಲ್ಲಿ. ಇಂದು ಕಾಸರಗೋಡು ಕೇರಳದಲ್ಲಿದೆ. ಆಗ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅವರದು ಸಾರಸ್ವತ ಬ್ರಾಹ್ಮಣ ಕುಟುಂಬ, ಮನೆಮಾತು ಕೊಂಕಣಿ. ಜಾತಿಯ ಮೆಟ್ಟಿಲಿನಲ್ಲಿ ಮೇಲಿದ್ದರೂ ಮನೆಯಲ್ಲಿ ಬಡತನವಿತ್ತು. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಸಂಸಾರದ ಭಾರ ಹೆಗಲಿಗೆ ಬಿತ್ತು. ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದರು. ಅಲ್ಲಿ ಸಿಕ್ಕ ಮೊದಲ ಕೆಲಸವೇ ಮೇಷ್ಟ್ರ ಕೆಲಸ. ತಿಂಗಳಿಗೆ 8 ರೂಪಾಯಿ ಸಂಬಳ. ಆ ಸಂಬಳದಲ್ಲಿ ಮನೆ ನಡೆಸುತ್ತಲೇ ಮೆಟ್ರಿಕ್ ಮುಗಿಸಿದರು, ಆಮೇಲೆ ವಕೀಲಿ ಪರೀಕ್ಷೆಯನ್ನೂ ಪಾಸು ಮಾಡಿದರು.

ವಕೀಲರಾದ ಮೇಲೆ ಅವರಿಗೆ ಒಳ್ಳೆಯ ಹೆಸರು ಬಂತು. ಬಡವರ ಕೇಸುಗಳನ್ನು ಹಿಡಿಯುತ್ತಿದ್ದರು. ಫೀಸು ಕೊಡಲಾಗದವರನ್ನೂ ವಾಪಸ್ಸು ಕಳಿಸುತ್ತಿರಲಿಲ್ಲ. ಹಾಗೆಯೇ ಮುಂದುವರಿದಿದ್ದರೆ ಮನೆ, ಮಾನ, ಹಣ ಎಲ್ಲವೂ ಇದ್ದು ಸುಖವಾಗಿ ಬದುಕಬಹುದಿತ್ತು. ಆದರೆ ಆ ವೇಳೆಗೆ ಅವರಿಗೆ ಉಳ್ಳಾಲ ರಘುನಾಥಯ್ಯ ಎಂಬ ಹಿರಿಯರ ಸಹವಾಸವಾಗಿತ್ತು. ರಘುನಾಥಯ್ಯನವರು 1870ರಲ್ಲಿ ಮಂಗಳೂರಿನಲ್ಲಿ ಬ್ರಹ್ಮ ಸಮಾಜವನ್ನು ಕಟ್ಟಿದವರಲ್ಲಿ ಮುಖ್ಯರು. ಮನುಷ್ಯರಲ್ಲಿ ಮೇಲು ಕೀಳು ಇಲ್ಲ ಎಂಬ ಮಾತನ್ನು ರಂಗರಾಯರು ಅಲ್ಲಿ ಕೇಳಿದರು. ಕೇಳಿ ಸುಮ್ಮನಾಗಲಿಲ್ಲ.

ಆ ಕಾಲ ಹೇಗಿತ್ತು ಎಂದು ತಿಳಿಯದೆ ಅವರ ಕೆಲಸ ನಮಗೆ ಅರ್ಥವಾಗುವುದಿಲ್ಲ. ಕನ್ನಡ ನಾಡಿನಲ್ಲೇ, ಧಾರವಾಡದಲ್ಲಿ, 1856ರಲ್ಲಿ ಒಬ್ಬ ಮಹಾರ್ ಜಾತಿಯ ಹುಡುಗ ಸರಕಾರಿ ಶಾಲೆಗೆ ಸೇರಲು ಹೋದ. ಅವನನ್ನು ಸೇರಿಸಿಕೊಳ್ಳಲಿಲ್ಲ. ಅವನು ಸರಕಾರಕ್ಕೆ ಅರ್ಜಿ ಹಾಕಿದ. ಅರ್ಜಿ ಮುಂಬಯಿ, ಕಲ್ಕತ್ತೆ, ಲಂಡನ್ ತನಕ ಹೋಯಿತು. ಸರಕಾರಿ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿರಬೇಕು ಎಂದು 1858ರಲ್ಲಿ ಲಂಡನ್ನಿನಿಂದ ಉತ್ತರ ಬಂತು. ಕಾಗದದ ಮೇಲೆ ಬಾಗಿಲು ತೆರೆಯಿತು. ಆದರೆ ಊರಿನ ಶಾಲೆಗಳಲ್ಲಿ ದಲಿತ ಮಗು ಒಳಗೆ ಬಂದರೆ ಉಳಿದವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಿದ್ದರು. ಶಾಲೆಯೇ ಖಾಲಿಯಾಗುತ್ತದೆ ಎಂಬ ಭಯಕ್ಕೆ ಮೇಷ್ಟ್ರುಗಳು ಆ ಮಗುವನ್ನೇ ಹೊರಗಿಡುತ್ತಿದ್ದರು.

ದಕ್ಷಿಣ ಕನ್ನಡದ ಸ್ಥಿತಿ ಇನ್ನೂ ಕಷ್ಟದ್ದು. ಅಲ್ಲಿ ಕೊರಗರು ಎಂಬ ಸಮುದಾಯವಿದೆ. ಅವರಲ್ಲಿ ಒಂದು ಗುಂಪಿನವರು ಸಾರ್ವಜನಿಕ ದಾರಿಯಲ್ಲಿ ಉಗುಳುವಂತಿರಲಿಲ್ಲ. ಅದಕ್ಕಾಗಿ ಕೊರಳಿಗೆ ಒಂದು ಪಾತ್ರೆ ಕಟ್ಟಿಕೊಂಡು ನಡೆಯಬೇಕಿತ್ತು. ಅಂಡೆ ಕೊರಗರು ಎಂದೇ ಅವರಿಗೆ ಹೆಸರಿತ್ತು. ಹೆಜ್ಜೆ ಇಡುವ ದಾರಿಯೇ ತಮ್ಮದಲ್ಲ ಎಂದುಕೊಂಡವರ ಮಕ್ಕಳು ಶಾಲೆಯ ಬಾಗಿಲಿಗೆ ಹೇಗೆ ಬರಬೇಕು? ಓದು ಬರಹ ಬಲ್ಲ ಒಬ್ಬ ದಲಿತ ಯುವಕನಿಗೆ ರಂಗರಾಯರು ಕೋರ್ಟಿನಲ್ಲಿ ಜವಾನನ ಕೆಲಸ ಕೊಡಿಸಿದರು. ಅದಕ್ಕೂ ಗಲಾಟೆಯಾಯಿತು. ಒಬ್ಬರಿಗೆ ಒಂದು ಕೆಲಸ ಕೊಡಿಸಿದರೆ ಸಾಲದು, ಆ ಕೇರಿಯ ಮಕ್ಕಳೆಲ್ಲ ಓದಬೇಕು ಎಂದು ಅವರು ನಿಶ್ಚಯಿಸಿದರು.

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಆಗ ನಮ್ಮ ಕೆ.ಜಿ.ಎಫ್.ನಲ್ಲಿ ಜಾನ್ ಟೇಲರ್ ಕಂಪನಿ ಗಣಿ ತೋಡಲು ಶುರು ಮಾಡಿ 12 ವರ್ಷವಾಗಿತ್ತು. ಶಿವನಸಮುದ್ರದಿಂದ ಇಲ್ಲಿಗೆ ಕರೆಂಟ್ ಬರಲು ಇನ್ನೂ 10 ವರ್ಷ ಬೇಕಿತ್ತು. ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯಿಂದ ನಮ್ಮ ಊರಿನ ಮುತ್ತಜ್ಜಂದಿರು ಗಣಿ ಕೆಲಸಕ್ಕೆ ಬಂದು ಸೇರುತ್ತಿದ್ದ ಕಾಲ ಅದು. ಅವರಲ್ಲೂ ಬಹಳ ಮಂದಿ ತಮ್ಮ ಊರಿನಲ್ಲಿ ಮುಟ್ಟಿಸಿಕೊಳ್ಳದೆ ಇದ್ದವರೇ. ಆದ್ದರಿಂದ ಮಂಗಳೂರಿನ ಈ ಕತೆ ನಮಗೆ ದೂರದ ಕತೆಯೆಂದು ನನಗೆ ಅನ್ನಿಸುವುದಿಲ್ಲ.

ಶಾಲೆ ತೆರೆದ ಕೂಡಲೇ ತೊಂದರೆಗಳು ಸಾಲಾಗಿ ಬಂದವು. ಮೊದಲನೆಯದು ಜಾಗದ ತೊಂದರೆ. ದಲಿತ ಮಕ್ಕಳು ತಮ್ಮ ಬೀದಿಯಲ್ಲಿ ಓಡಾಡುವುದನ್ನು ಸುತ್ತಲಿನವರು ಸಹಿಸಲಿಲ್ಲ. ವಿರೋಧ ಹೆಚ್ಚಾಗಿ ಆ ಶಾಲೆಯನ್ನು ಮುಚ್ಚಬೇಕಾಯಿತು. ರಂಗರಾಯರು ಬೇರೆ ಜಾಗ ಹುಡುಕಿದರು, ಮತ್ತೆ ತೆರೆದರು. ಒಂದು ಕಡೆ ಬಾಗಿಲು ಹಾಕಿದರೆ ಇನ್ನೊಂದು ಕಡೆ ಬಾಗಿಲು ತೆಗೆಯುವುದು ಅವರ ರೀತಿಯಾಯಿತು.

ಎರಡನೆಯದು ಶಿಕ್ಷಕರ ತೊಂದರೆ. ಈ ಮಕ್ಕಳಿಗೆ ಪಾಠ ಹೇಳಲು ಮೇಲ್ಜಾತಿಯ ಮೇಷ್ಟ್ರುಗಳು ಒಪ್ಪಲಿಲ್ಲ. ಒಪ್ಪಿದರೂ ಅವರ ಮನೆಯವರು, ನೆಂಟರು ಬಿಡುತ್ತಿರಲಿಲ್ಲ. ದಲಿತರಲ್ಲೇ ಶಿಕ್ಷಕರನ್ನು ಹುಡುಕೋಣವೆಂದರೆ ಓದಿದವರೇ ಇರಲಿಲ್ಲ, ಅವರಿಗೆ ಯಾರೂ ಓದಿಸಿರಲಿಲ್ಲವಲ್ಲ. ಆಗ ಕ್ರೈಸ್ತ ಶಿಕ್ಷಕರು ಮುಂದೆ ಬಂದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅಲ್ಲಿ ಶಾಲೆಗಳನ್ನು ನಡೆಸುತ್ತಿದ್ದುದರಿಂದ ಕ್ರೈಸ್ತರಲ್ಲಿ ಓದಿದವರು ಸಿಗುತ್ತಿದ್ದರು. ಹೀಗೆ ಬ್ರಹ್ಮ ಸಮಾಜದವರೊಬ್ಬರು ಕಟ್ಟಿದ ಶಾಲೆಯಲ್ಲಿ ಕ್ರೈಸ್ತ ಶಿಕ್ಷಕರು ದಲಿತ ಮಕ್ಕಳಿಗೆ ಅಕ್ಷರ ಕಲಿಸಿದರು. ಪಾಠ ಹೇಳಲು ಯಾರು ಮನಸ್ಸು ಮಾಡಿದರೋ ಅವರನ್ನು ರಂಗರಾಯರು ಗೌರವದಿಂದ ಬರಮಾಡಿಕೊಂಡರು.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಮಕ್ಕಳೇ ಬರದ ತೊಂದರೆ. ಮನೆ ಸಿಕ್ಕಿತು, ಮೇಷ್ಟ್ರು ಸಿಕ್ಕರು, ಮಕ್ಕಳು ಮಾತ್ರ ಬರಲಿಲ್ಲ. ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಇವರಿಗೆ ಓದು ಬೇಡವಂತೆ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದರು. ರಂಗರಾಯರು ಯಾಕೆ ಬರಲಿಲ್ಲ ಎಂದು ನೋಡಿದರು. ಕೂಲಿ ಮಾಡುವ ಮನೆಯಲ್ಲಿ ಮಗುವೂ ದುಡಿಯುವ ಒಂದು ಜೀವ. ಅದು ದನ ಕಾಯುತ್ತದೆ, ಸೌದೆ ತರುತ್ತದೆ, ಚಿಕ್ಕದನ್ನು ಎತ್ತಿಕೊಳ್ಳುತ್ತದೆ. ಮಗು ಶಾಲೆಯಲ್ಲಿ ಕೂತರೆ ಸಂಜೆ ಗಂಜಿಗೆ ಕಡಿಮೆಯಾಗುತ್ತದೆ. ಒಡೆಯರ ಕೋಪದ ಭಯ ಬೇರೆ. ಹಸಿದ ಹೊಟ್ಟೆಯಲ್ಲಿ ಅಕ್ಷರ ನಿಲ್ಲುವುದೂ ಇಲ್ಲ.

ಅವರು ಕಂಡುಕೊಂಡ ಉಪಾಯ ಸರಳವಾಗಿತ್ತು. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಇಷ್ಟು ಎಂದು ಕಾಸು ಕೊಟ್ಟರು. ಅದು ಮನೆಗೆ ಹೋಗಿ ಆ ದಿನದ ಕೂಲಿಯ ನಷ್ಟವನ್ನು ಸ್ವಲ್ಪವಾದರೂ ತುಂಬುತ್ತಿತ್ತು. ಮಧ್ಯಾಹ್ನ ಮಕ್ಕಳಿಗೆ ಊಟ ಹಾಕಿಸಿದರು. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಅಕ್ಷರ ದಾಸೋಹ ಶುರುವಾದದ್ದು 2002ರಲ್ಲಿ. ನಮ್ಮಲ್ಲಿ ಅನೇಕರು ಆ ಬಿಸಿಯೂಟ ಉಂಡೇ ಹೈಸ್ಕೂಲು ಮುಗಿಸಿದವರು. ಅದರ ಹಿಂದಿನ ಲೆಕ್ಕಾಚಾರವನ್ನು ರಂಗರಾಯರು ನೂರು ವರ್ಷಕ್ಕೂ ಮೊದಲೇ ಮಾಡಿದ್ದರು.

ನಾಲ್ಕನೆಯದೊಂದು ತೊಂದರೆ ಇದೆ. ಅದನ್ನು ನಾನು ನಮ್ಮ ಊರಿನ ಕಣ್ಣಿನಿಂದ ನೋಡಿದಾಗ ಹೆಚ್ಚು ತಿಳಿಯಿತು. ಅದು ಭಾಷೆ. ಆ ಮಕ್ಕಳ ಮನೆಮಾತು ತುಳು. ಕೊರಗರಲ್ಲಿ ಅವರದೇ ನುಡಿಯೂ ಇತ್ತು. ಶಾಲೆ ಕಟ್ಟಿದವರ ಮನೆಮಾತು ಕೊಂಕಣಿ. ಊರಿನ ಮುಸ್ಲಿಮರ ಮನೆಯಲ್ಲಿ ಬ್ಯಾರಿ. ಪುಸ್ತಕದಲ್ಲಿದ್ದದ್ದು ಕನ್ನಡ. ಕಚೇರಿಯಲ್ಲಿದ್ದದ್ದು ಇಂಗ್ಲಿಷು. ಒಂದು ತರಗತಿಯೊಳಗೆ ಇಷ್ಟೆಲ್ಲ ಬಂದು ಸೇರುತ್ತಿತ್ತು.

ನಾನು ಇರುವುದು ಮೈಸೂರು ಮೈನ್ಸ್‌ನ ಲೈನ್ ಮನೆಗಳಲ್ಲಿ. ಸಂಜೆ ಹೊತ್ತು ನಮ್ಮ ಲೈನಿನ ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ಹನ್ನೆರಡು ಮಕ್ಕಳಿದ್ದಾರೆ. ಏಳು ಮಕ್ಕಳ ಮನೆಯಲ್ಲಿ ತಮಿಳು, ಮೂವರ ಮನೆಯಲ್ಲಿ ನಮ್ಮ ಹಾಗೆ ಉರ್ದು, ಇಬ್ಬರದು ತೆಲುಗು. ಕನ್ನಡ ಅವರಿಗೆ ಸ್ಕೂಲಿನಲ್ಲಿ ಮಾತ್ರ ಸಿಗುವ ಭಾಷೆ. ಕಳೆಯುವ ಲೆಕ್ಕ ಹೇಳುವಾಗ ಸಾಲ ತೆಗೆದುಕೊಳ್ಳುವುದನ್ನು ಮೂರು ಭಾಷೆಯಲ್ಲಿ ಹೇಳಬೇಕು. ಲೆಕ್ಕ ಬರದ ಮಗುವಿಗೆ ನಿಜವಾಗಿ ಬರದಿದ್ದದ್ದು ಲೆಕ್ಕವೋ ಭಾಷೆಯೋ ಎಂದು ಗೊತ್ತಾಗಲು ಸಮಯ ಬೇಕು. ಒಬ್ಬ ಹುಡುಗಿ ವಾರದಲ್ಲಿ ಮೂರು ದಿನ ಬರುವುದಿಲ್ಲ. ಅವಳ ಅಮ್ಮ ಬೆಳಗ್ಗೆ ಕತ್ತಲಲ್ಲೇ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ. ತಮ್ಮನನ್ನು ನೋಡಿಕೊಳ್ಳುವುದು ಅವಳೇ. ತಮ್ಮನನ್ನೂ ಕರೆದುಕೊಂಡು ಬಾ ಎಂದು ನಾನು ಹೇಳಿದೆ. ಈಗ ಅವಳು ಬರುತ್ತಾಳೆ, ತಮ್ಮ ಚಾಪೆಯ ಮೇಲೆ ಮಲಗಿರುತ್ತಾನೆ. ಹನ್ನೆರಡು ಮಕ್ಕಳಿಗೇ ಇಷ್ಟು ಯೋಚನೆ ಬೇಕಾದರೆ ಒಂದು ಊರೇ ವಿರುದ್ಧ ನಿಂತಾಗ ಶಾಲೆ ನಡೆಸುವುದು ಎಂಥ ಕೆಲಸವಾಗಿರಬೇಕು! ರಂಗರಾಯರ ಜೀವನ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ.

1897ರಲ್ಲಿ ರಂಗರಾಯರು ಈ ಎಲ್ಲ ಕೆಲಸಕ್ಕೆ ಒಂದು ಸಂಸ್ಥೆಯ ರೂಪ ಕೊಟ್ಟರು. ಅದೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಚುಟುಕಾಗಿ ಡಿ.ಸಿ.ಎಂ. ಎನ್ನುತ್ತಾರೆ. ಕಂಕನಾಡಿ, ಅತ್ತಾವರ, ದಡ್ಡಲಕಾಡು ಮೊದಲಾದ ಕಡೆ ಶಾಲೆಗಳಾದವು. ಕೋರ್ಟ್ ಗುಡ್ಡೆಗೆ ಹತ್ತಿರದ ಶೇಡಿಗುಡ್ಡೆಯಲ್ಲಿ ಸಂಸ್ಥೆಯ ಕೇಂದ್ರವಾಯಿತು. ದೂರದ ಮಕ್ಕಳಿಗೆ ಉಳಿದುಕೊಳ್ಳಲು ಹಾಸ್ಟೆಲ್ ಬಂತು.

ಇಲ್ಲಿ ಅವರು ಇನ್ನೊಂದು ಪ್ರಶ್ನೆಯನ್ನು ಎದುರಿಸಿದರು. ಓದಿದ ಮೇಲೆ ಏನು? ನಾಲ್ಕಕ್ಷರ ಕಲಿತ ಹುಡುಗ ಮತ್ತೆ ಅದೇ ಒಡೆಯನ ಗದ್ದೆಗೆ ಹೋಗಬೇಕಾದರೆ ಅಪ್ಪ ಅಮ್ಮ ಮುಂದಿನ ಮಗುವನ್ನು ಯಾಕೆ ಕಳಿಸುತ್ತಾರೆ? ಅದಕ್ಕೆ ಅಕ್ಷರದ ಜೊತೆ ಕೈಕೆಲಸವನ್ನೂ ಸೇರಿಸಿದರು. ಮಗ್ಗ ಇಟ್ಟು ನೇಯ್ಗೆ ಕಲಿಸಿದರು, ಮರಗೆಲಸ ಕಲಿಸಿದರು. ಅಂದರೆ ಶಾಲೆಯ ಬಾಗಿಲಿನಿಂದ ಒಳಗೆ ಬರುವ ದಾರಿ ಮಾತ್ರ ಅಲ್ಲ, ಹೊರಗೆ ಹೋದ ಮೇಲಿನ ದಾರಿಯನ್ನೂ ನೋಡಿದರು. ಭೂಮಿ ಇಲ್ಲದವರಿಗೆ ಮನೆ ಕಟ್ಟಿಕೊಳ್ಳಲು ಜಾಗ ಬೇಕೆಂದು ಸರಕಾರದ ಜೊತೆ ಓಡಾಡಿದರು. ಊರಿನ ಆಡಳಿತದ ಸಭೆಗಳಲ್ಲಿ ದಲಿತರೂ ಕೂರಬೇಕೆಂದು ಒತ್ತಾಯಿಸಿದರು.

ಇದಕ್ಕೆಲ್ಲ ಅವರು ತೆತ್ತ ಬೆಲೆ ಸಣ್ಣದಲ್ಲ. ಅವರ ಜಾತಿಯವರು ಅವರನ್ನು ಬಹಿಷ್ಕರಿಸಿದರು. ನೆಂಟರು ಮನೆಗೆ ಬರುವುದನ್ನು ಬಿಟ್ಟರು. ಕ್ಷೌರ ಮಾಡುವವರು, ಬಟ್ಟೆ ಒಗೆಯುವವರು ಆ ಮನೆಗೆ ಹೋಗದಂತೆ ಮಾಡಿದರು. ದಾರಿಯಲ್ಲಿ ಅವಮಾನ ಮಾಡಿದರು. ವಕೀಲಿಯಿಂದ ಬಂದ ಹಣ ಶಾಲೆಗೆ ಹೋಗುತ್ತಿತ್ತು. ಗಂಡ ಮಾಡಿದ ನಿಶ್ಚಯದ ಕಷ್ಟವನ್ನು ಮನೆಯೊಳಗೆ ಇದ್ದ ಹೆಂಡತಿ, ಮಕ್ಕಳು ಕೂಡ ಅನುಭವಿಸಿದರು. ಹಿರಿಯರ ಜೀವನ ಚರಿತ್ರೆಗಳಲ್ಲಿ ಇಂಥ ಹೆಂಗಸರ ಪಾಲನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೂ ಅದಕ್ಕಿಂತ ಹೆಚ್ಚು ಬರೆಯಲು ಸಿಗಲಿಲ್ಲ. ಆದರೆ ನೀರಿಗೆ, ಬೆಂಕಿಗೆ, ಹೆರಿಗೆಗೆ ನೆರೆಹೊರೆ ಬೇಕಾದ ಕಾಲದಲ್ಲಿ ನೆರೆಹೊರೆ ಇಲ್ಲದೆ ಸಂಸಾರ ನಡೆಸಿದವರು ಅವರು ಎಂಬುದನ್ನು ನಾವು ಮರೆಯಬಾರದು.

ಹೊರಗಿನವರ ಮಕ್ಕಳಿಗೆ ಒಂದು ನ್ಯಾಯ, ಮನೆಯ ಮಕ್ಕಳಿಗೆ ಒಂದು ನ್ಯಾಯ ಎಂದು ಅವರು ಮಾಡಲಿಲ್ಲ. ಹೆಣ್ಣುಮಕ್ಕಳಿಗೆ ಓದು ಯಾಕೆ ಎನ್ನುತ್ತಿದ್ದ ದಿನಗಳಲ್ಲಿ ಮಗಳು ರಾಧಾಬಾಯಿಯವರನ್ನು ಓದಿಸಿದರು. ರಾಧಾಬಾಯಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, ಆಮೇಲೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಓದಿದರು. ಜಾತಿ, ಭಾಷೆ ಎರಡನ್ನೂ ದಾಟಿ ತಮಿಳುನಾಡಿನ ಕುಮಾರಮಂಗಲದ ಡಾ. ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. 1930ರಲ್ಲಿ ಲಂಡನ್ನಿನಲ್ಲಿ ಮೊದಲ ದುಂಡುಮೇಜಿನ ಸಮ್ಮೇಳನ ನಡೆದಾಗ ಭಾರತದಿಂದ ಹೋದ ಪ್ರತಿನಿಧಿಗಳಲ್ಲಿ ಇಬ್ಬರೇ ಹೆಂಗಸರು. ಒಬ್ಬರು ಲಾಹೋರಿನ ಬೇಗಂ ಜಹಾನಾರಾ ಶಾಹ್ ನವಾಜ್, ಇನ್ನೊಬ್ಬರು ರಂಗರಾಯರ ಮಗಳು ರಾಧಾಬಾಯಿ ಸುಬ್ಬರಾಯನ್. 1938ರಲ್ಲಿ ಆಗಿನ ರಾಜ್ಯಪರಿಷತ್ತಿನ ಮೊದಲ ಮಹಿಳಾ ಸದಸ್ಯೆಯೂ ಅವರೇ ಆದರು. 1966ರಿಂದ 1969ರವರೆಗೆ ಭಾರತದ ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಪಿ. ಪಿ. ಕುಮಾರಮಂಗಲಂ, ಕೇಂದ್ರ ಸಚಿವರಾಗಿದ್ದ ಮೋಹನ್ ಕುಮಾರಮಂಗಲಂ ಇಬ್ಬರೂ ಈ ರಾಧಾಬಾಯಿಯವರ ಮಕ್ಕಳು.

ವಯಸ್ಸಾದ ಮೇಲೆ ಸಂಸ್ಥೆ ತಮ್ಮೊಂದಿಗೆ ಮುಗಿಯಬಾರದೆಂದು ಗೋಖಲೆಯವರು ಕಟ್ಟಿದ್ದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಅದರ ಹೊಣೆಯನ್ನು ಒಪ್ಪಿಸಿದರು. ಕೊನೆಗಾಲದಲ್ಲಿ ಸನ್ಯಾಸ ತೆಗೆದುಕೊಂಡು ಈಶ್ವರಾನಂದ ಎಂಬ ಹೆಸರು ಪಡೆದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ದೇಹವನ್ನು ದಲಿತರೇ ಹೊತ್ತು ಕೊನೆಯ ಕೆಲಸಗಳನ್ನು ಮಾಡಬೇಕು ಎಂಬುದು ಅವರ ಆಸೆಯಾಗಿತ್ತು. ಹಾಗೆಯೇ ನಡೆಯಿತು. ಯಾರ ನೆರಳು ಬಿದ್ದರೂ ಮೈಲಿಗೆ ಎಂದು ಊರು ಹೇಳುತ್ತಿತ್ತೋ ಅವರ ಹೆಗಲ ಮೇಲೆ ಅವರು ಹೋದರು.

1934ರ ಫೆಬ್ರವರಿಯಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ಈ ಕೆಲಸವನ್ನು ಮೆಚ್ಚಿ, ಅಸ್ಪೃಶ್ಯತೆಯ ವಿರುದ್ಧದ ಕೆಲಸದಲ್ಲಿ ರಂಗರಾಯರು ತಮಗೆ ಗುರುವಿನಂತೆ ಎಂದು ಗೌರವ ಸಲ್ಲಿಸಿದರೆಂದು ಕರಾವಳಿಯ ಜನ ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಮಂಗಳೂರಿನ ಪುರಭವನಕ್ಕೆ ಈಗ ಅವರ ಹೆಸರಿದೆ. ಅತ್ತಾವರದ ಬಾಬುಗುಡ್ಡೆಯಲ್ಲಿ ಅವರ ಸಮಾಧಿ ಇದೆ. ಆದರೆ ಹೆಸರು ಇಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕೊರಗರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ಕರ್ನಾಟಕ ಸರಕಾರ ಕಾನೂನು ಮಾಡಿ ನಿಷೇಧಿಸಬೇಕಾದದ್ದು 2000ದಲ್ಲಿ, ಉರ್ವ ಚಿಲಿಂಬಿಯ ಶಾಲೆ ತೆರೆದು 108 ವರ್ಷ ಕಳೆದ ಮೇಲೆ.

ಗೆಳೆಯ ಗೆಳತಿಯರೇ, ನಮ್ಮ ಊರಿನ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆಮೇಲೆ ಹುಟ್ಟಿದ ನಮಗೆ ಗಣಿಯ ಸೈರನ್ ಕೂಡ ಗೊತ್ತಿಲ್ಲ, ಸೈನೈಡ್ ಗುಡ್ಡ ಮಾತ್ರ ಗೊತ್ತು. ಚಿನ್ನ ಹೋದ ಊರಿನಲ್ಲಿ ಮಕ್ಕಳ ಓದು ಬಿಟ್ಟರೆ ಬೇರೆ ಆಸ್ತಿ ನಮಗೆ ಇಲ್ಲ. ನಮ್ಮಲ್ಲಿ ಕೆಲವರು ಪಿ.ಯು.ಸಿ. ಆದ ಮೇಲೆ ಡಿ.ಎಡ್. ಮಾಡುತ್ತೇವೆ, ಡಿಗ್ರಿ ಮುಗಿಸಿ ಬಿ.ಎಡ್. ಮಾಡುತ್ತೇವೆ. ನಾಳೆ ನಮ್ಮ ಮುಂದೆ ಕೂರುವ ತರಗತಿಯಲ್ಲಿ ನಾಲ್ಕು ಭಾಷೆ ಇರುತ್ತವೆ, ಹಸಿದವರು ಇರುತ್ತಾರೆ, ನಿದ್ದೆಗೆಟ್ಟವರು ಇರುತ್ತಾರೆ, ನಾಲ್ಕು ದಿನ ಬಂದು ಹತ್ತು ದಿನ ಬಾರದವರು ಇರುತ್ತಾರೆ. ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆಯಲು ಒಂದು ಕ್ಷಣ ಸಾಕು. ರಂಗರಾಯರ ಜೀವನ ಅಲ್ಲಿಂದ ಮುಂದೆ ಶುರುವಾಗುತ್ತದೆ. ಗೈರಾದ ಮಗುವಿನ ಮನೆಯ ತನಕ ನಡೆದು, ಅಡ್ಡ ಇರುವ ಕಲ್ಲು ಯಾವುದು ಎಂದು ನೋಡಿ, ಅದು ಹಸಿವಾದರೆ ಅನ್ನ, ಕೂಲಿಯಾದರೆ ಕಾಸು, ಜಾಗವಾದರೆ ಇನ್ನೊಂದು ಮನೆ ಎಂದು ಒಂದೊಂದಾಗಿ ಎತ್ತಿಟ್ಟವರು ಅವರು.

ತಾವು ಓದಿಸಿದ ಸಮುದಾಯದ ಮಕ್ಕಳು ಮುಂದೆ ದೊಡ್ಡ ಅಧಿಕಾರಿಗಳಾಗಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಚಕ್ರದ ಧೂಳು ತಮ್ಮ ತಲೆಗೆ ತಾಗಿದರೆ ತಮ್ಮ ಬದುಕು ಸಾರ್ಥಕ ಎಂಬುದು ಅವರ ಹಂಬಲವಾಗಿತ್ತು. ಸಾಮಾನ್ಯವಾಗಿ ಶಿಷ್ಯರು ಗುರುಗಳ ಪಾದಧೂಳಿಯನ್ನು ತಲೆಗೆ ಹಚ್ಚಿಕೊಳ್ಳುತ್ತಾರೆ. ಇವರು ಶಿಷ್ಯರ ದಾರಿಯ ಧೂಳನ್ನು ಬಯಸಿದರು. ಮೇಷ್ಟ್ರ ಕೆಲಸ ಎಂದರೆ ಏನು ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಇನ್ನು ಮೇಲೆ ಕುದ್ಮುಲ್ ರಂಗರಾಯರ ಹೆಸರು ಹೇಳುತ್ತೇನೆ.